ರವಿವಾರ ಹತ್ತುವ ದೀಪ

ನಮ್ಮ ಮನೆಯ ಯಂತ್ರಗಳು ನೆಟ್ಟಗೆ ಕೆಡುವುದಿಲ್ಲ. ಮಿಕ್ಸಿ ನಮ್ಮ ಅಡುಗೆ ಕಟ್ಟೆಯ ಮೇಲೆ ತಿರುಗುವುದಿಲ್ಲ, ರಿಪೇರಿ ಅಂಗಡಿಯ ಮೇಜಿನ ಮೇಲೆ ತಿರುಗುತ್ತದೆ. ಮೂರು ದಿನ ಕಪ್ಪಗೆ ಕೂತಿದ್ದ ಟಿ.ವಿ. ರಿಪೇರಿಯವನು ಮೆಟ್ಟಿಲು ಹತ್ತಿದ ಕೂಡಲೇ ಹಾಡತೊಡಗುತ್ತದೆ. ರೋಣದ ಅಂಗಡಿಕಾರರು ನನ್ನನ್ನು ಸುಳ್ಳ ಎಂದು ಬಾಯಿಬಿಟ್ಟು ಅನ್ನುವುದಿಲ್ಲ, ಮಾಸ್ತರ ಎಂಬ ಮರ್ಯಾದೆಗೆ ಸುಮ್ಮನಿದ್ದಾರೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಬ್ಯಾಟರಿ, ತಂತಿ, ಬಲ್ಬು, ಸ್ವಿಚ್ಚು ಕೂಡಿದರೆ ದೀಪ ಹತ್ತುತ್ತದೆ ಎಂದು ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಬರೆದು ತೋರಿಸುತ್ತ ಬಂದಿದ್ದೇನೆ. ಇಂಥ ನನಗೆ ನಮ್ಮ ಕಾರಿನ ಒಂದೇ ಒಂದು ದೀಪ ಎರಡು ತಿಂಗಳು ಮೂರು ಊರಿನ ನೀರು ಕುಡಿಸಿತು.

೧. ಕರಿ ಪಟ್ಟಿ, ಕೆಂಪು ಟಿಕಳಿ

ಮಗಳನ್ನು ಗಜೇಂದ್ರಗಡಕ್ಕೆ ಕೊಟ್ಟಿದ್ದೇವೆ. ಅವಳು ಬಸುರಿ ಎಂದು ತಿಳಿದ ಮೇಲೆ ನಮ್ಮ ಅವ್ವನಿಗೆ ಪ್ರತಿ ರವಿವಾರ ಮೊಮ್ಮಗಳ ಮುಖ ನೋಡಲೇಬೇಕು. ಒಂದು ವಾರ ಮಾದಲಿ, ಒಂದು ವಾರ ಶೇಂಗಾ ಹೋಳಿಗೆ, ಹೀಗೆ ಬಯಕೆಯ ಬುತ್ತಿ ಕಟ್ಟಿಸಿಕೊಂಡು ಮುಂಜಾನೆಯೇ ತಯಾರಾಗಿ ಕೂಡುತ್ತಾಳೆ. ಹಿಂದಿನ ಸೀಟಿನಲ್ಲಿ ಕೂತರೆ ಅವ್ವನಿಗೆ ವಾಂತಿ. ಹಾಗಾಗಿ ಮುಂದೆ, ನನ್ನ ಪಕ್ಕದಲ್ಲಿ, ಬುತ್ತಿಯ ಚೀಲವನ್ನು ಇಬ್ಬರ ನಡುವೆ ಇಟ್ಟುಕೊಂಡು, ಮೇಲೆ ಸೆರಗು ಹೊದಿಸಿ ಕೂಡುವುದು ಅವಳ ಪದ್ಧತಿ. ಹೆಂಡತಿ ಹಿಂದೆ.

ಅಂಥ ಒಂದು ರವಿವಾರ ದಾರಿಯಲ್ಲಿ ಡ್ಯಾಶ್‌ಬೋರ್ಡಿನ ಮೇಲೆ ಬ್ರೇಕಿನ ಕೆಂಪು ದೀಪ ಹತ್ತಿತು. ಕಾರಿನ ಪುಸ್ತಕದಲ್ಲಿ ಆ ದೀಪ ಹತ್ತಿದರೆ ಕೂಡಲೇ ಗಾಡಿ ನಿಲ್ಲಿಸಿ ಎಂದು ಬರೆದಿದೆ. ನಾನು ಪುಸ್ತಕದ ಮಾತು ಕೇಳುವವನು, ವೇಗ ಇಳಿಸಿದೆ. ದೀಪ ಆರಿತು. ಮತ್ತೆ ವೇಗ ಹೆಚ್ಚಿಸಿದೆ, ಮತ್ತೆ ಹತ್ತಿತು. ಉಳಿದ ದಾರಿಯನ್ನೆಲ್ಲ ನಲವತ್ತರಲ್ಲಿ ಕ್ರಮಿಸಿದೆವು. ಇನ್ನೆರಡು ತಿಂಗಳಿಗೆ ಕುಬಸ, ಅಂದರೆ ಸೀಮಂತ, ಮುಗಿಸಿ, ಮಗಳನ್ನು ಹೆರಿಗೆಗೆ ಇದೇ ಗಾಡಿಯಲ್ಲಿ ಮನೆಗೆ ಕರೆತರಬೇಕಿತ್ತು. ಬಸುರಿ ಮಗಳನ್ನು ಬ್ರೇಕಿನ ಭರವಸೆ ಇಲ್ಲದ ಗಾಡಿಯಲ್ಲಿ ಕೂಡಿಸುವುದು ಹೇಗೆ?

ಮರುದಿನ ರೋಣದ ಗ್ಯಾರೇಜಿಗೆ ಒಯ್ದೆ. ಮೆಕ್ಯಾನಿಕ್ ಬಗ್ಗಿ ನೋಡಿದ.

"ದೀಪ ಎಲ್ಲೈತ್ರಿ ಸರ್ರ?"

"ಈಗ ಹತ್ತಿಲ್ಲ."

"ಹಂಗಾರ ಏನ್ ರಿಪೇರಿ ಮಾಡ್ಲಿ?"

"ಹತ್ತಿದಾಗ ಮಾಡ್ಬೇಕಪಾ."

"ಅದು ಹತ್ತಿದಾಗ ನೀವು ರಸ್ತೆದಾಗ ಇರ್ತೀರಿ, ನಾ ಇಲ್ಲಿರ್ತೇನಿ."

ಆದರೂ ಅವನು ಒಳ್ಳೆಯವನು, ಬ್ರೇಕ್ ಆಯಿಲ್ ನೋಡಿದ, ನಾಲ್ಕೂ ಗಾಲಿ ಬಿಚ್ಚಿದ, ಎಲ್ಲ ಸರಿ ಇದೆ ಎಂದ. ಮುಂದಿನ ರವಿವಾರ ದೀಪ ಹತ್ತಿತು. ಸೋಮವಾರ ಮತ್ತೆ ಹೋದೆ. ಅದರ ಮುಂದಿನ ಸೋಮವಾರ ನನ್ನನ್ನು ಕಂಡ ಕೂಡಲೇ ಕರಿ ಟೇಪಿನ ಸುರುಳಿ ತಂದು, ಒಂದು ತುಂಡು ಕತ್ತರಿಸಿ ದೀಪದ ಮೇಲೆ ಅಂಟಿಸಿಬಿಟ್ಟ.

"ಇನ್ನ ಹತ್ತಿದ್ರೂ ನಿಮಗ ತ್ರಾಸಿಲ್ರಿ."

"ಅಲ್ಲಪಾ, ಖರೇನ ಬ್ರೇಕ್ ಹೋತಂದ್ರ?"

"ಅದು ದೀಪ ಇಲ್ದನೂ ಗೊತ್ತಾಕ್ಕೈತ್ರಿ."

ಹೆಂಡತಿಗೆ ಆ ಕರಿ ಪಟ್ಟಿ ಕಣ್ಣಿಗೆ ಚುಚ್ಚಿತು. ಅದನ್ನು ಕಿತ್ತು, ತನ್ನ ಪಾಕೀಟಿನಿಂದ ದೊಡ್ಡದೊಂದು ಟಿಕಳಿ ತೆಗೆದು ಅಲ್ಲಿ ಹಚ್ಚಿದಳು. ಹಣೆಗೆ ಹಚ್ಚುವ ಟಿಕಳಿ ಗಾಡಿಗೂ ಚೆನ್ನಾಗಿಯೇ ಒಪ್ಪಿತ್ತು. ರವಿವಾರ ಅವ್ವ ಬಂದು ಕೂತಳು, ನೋಡಿದಳು, ಉಗುರಿನಿಂದ ಕೆರೆದು ಟಿಕಳಿ ತೆಗೆದಳು.

"ದೀಪದ ಮುಖಾ ಮುಚ್ಚಬಾರದವಾ," ಎಂದು ಸೊಸೆಗೆ ಹೇಳಿ ಅದನ್ನು ಡ್ಯಾಶ್‌ಬೋರ್ಡಿನಲ್ಲಿ ತನ್ನ ಎದುರಿಗಿದ್ದ ಡಬ್ಬಿಯ ಬಾಗಿಲಿಗೆ ಅಂಟಿಸಿದಳು. ಊರು ದಾಟಿ ಐದು ನಿಮಿಷಕ್ಕೆ ದೀಪ ಹತ್ತಿತು.

ಹಿಂದಿನಿಂದ ಹೆಂಡತಿ ಹೇಳಿದಳು: "ನೋಡ್ರಿ, ಟಿಕಳಿ ಇದ್ದಷ್ಟು ದಿನ ಸುಮ್ಮನಿತ್ತು."

೨. ಮಾಸ್ತರರಿಗೆ ಪರೀಕ್ಷೆ

ನರಗುಂದದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ದೊಡ್ಡ ಗ್ಯಾರೇಜ್ ಇಟ್ಟಿದ್ದಾನೆ, ಕಂಪ್ಯೂಟರ್ ಹಚ್ಚಿ ಗಾಡಿ ನೋಡುತ್ತಾನೆ ಎಂದು ಕೇಳಿದ್ದೆ. ಶನಿವಾರ ಅರ್ಧ ದಿನದ ಸಾಲೆ ಮುಗಿಸಿ ಒಬ್ಬನೇ ಹೋದೆ. ಗುಡ್ಡದ ಕೋಟೆ ಕಾಣುವವರೆಗೂ ಡ್ಯಾಶ್‌ಬೋರ್ಡನ್ನೇ ನೋಡುತ್ತ ಹೋದೆ. ದೀಪ ಹತ್ತಲಿಲ್ಲ.

ಹುಡುಗ ಈಗ ಹೊಟ್ಟೆ ಬಂದ ಗೃಹಸ್ಥ. ಓಡಿ ಬಂದು ಕಾಲು ಮುಟ್ಟಿದ, ಕುರ್ಚಿ ಹಾಕಿಸಿದ, ಚಹಾ ತರಿಸಿದ. ನಾನು ಕುರ್ಚಿಯಲ್ಲಿ, ಅವನು ಎದುರಿಗೆ ಕೈ ಕಟ್ಟಿಕೊಂಡು. ಒಂದು ಕಾಲಕ್ಕೆ ಇವನನ್ನು ನಾನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ, ಅದು ಇಬ್ಬರಿಗೂ ನೆನಪಿತ್ತು.

"ಸರ್ರ, ದೀಪ ಯಾವಾಗ ಹತ್ತತೈತ್ರಿ?"

"ರವಿವಾರ."

"ರವಿವಾರ ಅಷ್ಟ?"

"ರವಿವಾರ ಅಷ್ಟ."

"ಯಾವ ರಸ್ತೆದಾಗ್ರಿ?"

"ಗಜೇಂದ್ರಗಡದ ರಸ್ತೆದಾಗ."

"ಎಷ್ಟು ವೇಗ ಇದ್ದಾಗ?"

"ಐವತ್ತರ ಮ್ಯಾಲೆ ಹೋದ್ರ."

ಅವನು ತಲೆ ಕೆರೆದುಕೊಂಡು ಕಂಪ್ಯೂಟರ್ ಹಚ್ಚಿದ. ಅರ್ಧ ತಾಸು ಅಂಕಿಗಳು ಓಡಿದವು. ಕೊನೆಗೆ, "ಸರ್ರ, ನಿಮ್ಮ ಗಾಡಿ ಪಾಸ್ ಆಗೇತ್ರಿ. ಒಂದೂ ತಪ್ಪಿಲ್ಲ," ಎಂದ.

"ಹಂಗಾರ ದೀಪ ಯಾಕ ಹತ್ತತೈತಿ, ಅದನ್ನ ಹೇಳು."

ಅವನು ಬಹಳ ವಿನಯದಿಂದ ಕೈ ಮುಗಿದ. "ಸರ್ರ, ನೀವು ನಮಗ ಹತ್ತನೇ ಕ್ಲಾಸಿನ್ಯಾಗ ಹೇಳ್ತಿದ್ರಿ. ಬರೇ ಉತ್ತರ ಬರೀಬ್ಯಾಡ, ಕಾರಣಾನೂ ಬರಿ, ಇಲ್ಲಾಂದ್ರ ಮಾರ್ಕ್ ಇಲ್ಲ ಅಂತ. ಹೋಗ್ರಿ, ಕಾರಣ ಹುಡುಕಿಕೊಂಡು ಬರ್ರಿ."

೩. ಪಿ.ಟಿ. ಮಾಸ್ತರರ ಸಾಕ್ಷಿ

ಇಷ್ಟರಲ್ಲಿ ವಿಷಯ ನಮ್ಮ ಸಾಲೆಯ ಸ್ಟಾಫ್ ರೂಮಿಗೆ ಬಂದಿತ್ತು. ನಮ್ಮ ಪಿ.ಟಿ. ಮಾಸ್ತರರಿಗೆ ಯಾವುದನ್ನೂ ಕಣ್ಣಾರೆ ಕಾಣದೆ ನಂಬುವ ಸ್ವಭಾವವಿಲ್ಲ. "ನಾ ಬರ್ತೇನಿ, ಕಣ್ಣು ಪಿಳುಕಿಸದ ನೋಡ್ತೇನಿ," ಎಂದರು. ಬುಧವಾರ ಸಂಜೆ ಅದೇ ಗಜೇಂದ್ರಗಡದ ರಸ್ತೆಯಲ್ಲಿ ಮುಶಿಗೇರಿಯವರೆಗೆ ಹೋಗಿಬಂದೆವು. ಅವರು ಅವ್ವನ ಸೀಟಿನಲ್ಲಿ ಕೂತು, ಎರಡೂ ಕೈ ಎದೆಗೆ ಕಟ್ಟಿ, ದೀಪದ ಜಾಗವನ್ನು ದಿಟ್ಟಿಸಿ ನೋಡುತ್ತಲೇ ಇದ್ದರು. ಐವತ್ತು ಹೋದೆ, ಅರವತ್ತು ಹೋದೆ. ಜೋಳದ ಹೊಲಗಳು ಹಿಂದೆ ಸರಿದವು, ದೀಪ ಮಿಸುಕಲಿಲ್ಲ.

ಇಳಿಯುವಾಗ ಅವರು ಕೊರಳಿನ ಸೀಟಿ ಸರಿಪಡಿಸಿಕೊಂಡು ಹೇಳಿದರು: "ಗಾಡ್ಯಾಗ ಏನೂ ದೋಷ ಇಲ್ರಿ ಸರ್ರ. ಶಿಸ್ತಿಲ್ಲ ಅಷ್ಟ. ನನ್ನ ನೋಡಿದ ಕೂಡ್ಲೆ ಹ್ಯಾಂಗ ಸುಮ್ಮನಾತು."

೪. ಗಜೇಂದ್ರಗಡದ ಮಿಸ್ತ್ರಿ

ಕುಬಸ ಚಲೋ ಆಯಿತು. ಮಗಳಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಊಟ ಮುಗಿಸಿ ಹೊರಡುವ ಹೊತ್ತಿಗೆ ಬೀಗರು ನನ್ನನ್ನು ಪಡಸಾಲೆಗೆ ಕರೆದರು. ನನ್ನ ಹೆಂಡತಿ ಅವರ ಹೆಂಡತಿಗೆ ದೀಪದ ಸುದ್ದಿ ಹೇಳಿಬಿಟ್ಟಿದ್ದಳು.

"ಬೀಗರ, ತಪ್ಪು ತಿಳೀಬ್ಯಾಡ್ರಿ. ಬ್ಯಾರೆ ಗಾಡಿ ಹೇಳಲ್ಯಾ?"

ಮಗಳನ್ನು ತವರಿಗೆ ಕರೆದೊಯ್ಯಲು ಬೀಗರೇ ಗಾಡಿ ಹೇಳಬೇಕೆ? ಬ್ಯಾಡ ಎಂದು ಬಾಯಿಗೆ ಬಂತು. ಆದರೆ ಅವರ ಹೆದರಿಕೆಯೂ ನನ್ನ ಹೆದರಿಕೆಯೂ ಒಂದೇ ಆಗಿತ್ತು. ಮೂರು ರಾತ್ರಿಯಿಂದ ನನಗೂ ನಿದ್ದೆ ಇರಲಿಲ್ಲ. ನನ್ನ ಮುಖ ನೋಡಿ ಅವರೇ, "ನಮ್ಮ ಮಿಸ್ತ್ರಿ ಒಮ್ಮಿ ನೋಡ್ಲಿ. ಅವ ಹ್ಞೂಂ ಅಂದ್ರ ನಿಮ್ಮ ಗಾಡಿ, ಇಲ್ಲಾಂದ್ರ ಬ್ಯಾರೆ," ಎಂದರು.

ಗ್ಯಾರೇಜಿಗೆ ಹೊರಟಾಗ ಅವ್ವ ತಾನೂ ಬರುತ್ತೇನೆಂದು ಚೀಲದ ಸಮೇತ ಮುಂದಿನ ಸೀಟಿನಲ್ಲಿ ಕೂತುಬಿಟ್ಟಳು. ಮಿಸ್ತ್ರಿ ವಯಸ್ಸಾದವನು, ಮಾತು ಕಡಿಮೆ. ಬಾನೆಟ್ ಎತ್ತಲಿಲ್ಲ, ಗಾಲಿ ಬಿಚ್ಚಲಿಲ್ಲ. "ದೀಪ ಹತ್ತಿದಾಗ ಯಾರು ಯಾರು ಇರ್ತೀರಿ? ಎಲ್ಲೆಲ್ಲಿ ಕುಂದ್ರತೀರಿ?" ಎಂದು ಕೇಳಿದ. ಮೂರೂ ಊರಿನಲ್ಲಿ ಈ ಪ್ರಶ್ನೆ ಕೇಳಿದವನು ಇವನೊಬ್ಬನೇ. ಪಕ್ಕದಲ್ಲಿ ಅವ್ವ, ನಡುವೆ ಚೀಲ ಎಂದು ಹೇಳಿದೆ.

"ಹಂಗ ಕುಂದರ್ರಿ. ಚೀಲಾನೂ ಹಂಗ ಇಡ್ರಿ," ಎಂದು ತಾನು ಹಿಂದಿನ ಸೀಟಿನ ನಡುವೆ ಕೂತ.

ರೋಣದ ರಸ್ತೆಗೆ ಬಂದು ಐವತ್ತು ಮುಟ್ಟಿಸಿದೆ. ದೀಪ ಹತ್ತಿತು. "ನೋಡ್ರಿ, ನೋಡ್ರಿ," ಎಂದೆ. ಕೊನೆಗೂ ಒಬ್ಬ ಮೆಕ್ಯಾನಿಕ್‌ನ ಎದುರಿಗೆ ಹತ್ತಿತ್ತು. ಮಿಸ್ತ್ರಿ ದೀಪವನ್ನು ನೋಡಲೇ ಇಲ್ಲ, ಸೀಟುಗಳ ನಡುವೆ ಕೆಳಗೆ ನೋಡುತ್ತಿದ್ದ.

"ಸಾವಕಾಶ ಮಾಡ್ರಿ." ದೀಪ ಆರಿತು.

"ಇನ್ನೊಮ್ಮಿ ಓಡಸ್ರಿ." ಹತ್ತಿತು.

"ಸಾಕ್ರಿ, ತಿರುಗಸ್ರಿ."

ಗ್ಯಾರೇಜಿಗೆ ಬಂದು, ಅವ್ವನನ್ನು ಸೀಟಿನಲ್ಲೇ ಬಿಟ್ಟು, ನನ್ನನ್ನು ಗಾಡಿಯ ಹಿಂದಕ್ಕೆ ಕರೆದ.

"ಸರ್ರ, ನಿಮ್ಮ ಬ್ರೇಕಿಗೆ ಏನೂ ಆಗಿಲ್ಲ. ನಿಮ್ಮ ಗಾಡಿಗೆ ಇಬ್ಬರು ಡ್ರೈವರ್ ಅದಾರ."

ಆಮೇಲೆ ಬಿಡಿಸಿ ಹೇಳಿದ. ಗಾಡಿ ನಿಲ್ಲಿಸಿದಾಗ ಎತ್ತುವ ಹ್ಯಾಂಡ್‌ಬ್ರೇಕನ್ನು ಬೆರಳಿನಷ್ಟು ಎತ್ತಿದರೂ ಸಾಕು, ಬ್ರೇಕು ಹಿಡಿಯುವ ಮೊದಲೇ ದೀಪ ಹತ್ತುತ್ತದೆ. ಬಿಟ್ಟರೆ ಆರುತ್ತದೆ. ಚೀಲದ ಮರೆಯಲ್ಲಿ, ಸೆರಗಿನ ಕೆಳಗೆ, ಅವ್ವನ ಕೈ ಆ ಹಿಡಿಕೆಯ ಮೇಲೆ ಇರುತ್ತಿತ್ತು. ನಾನು ಐವತ್ತು ದಾಟಿದಾಗೆಲ್ಲ ಒಂದು ಬೆರಳು ಎತ್ತುತ್ತಿದ್ದಳು.

ನಾನು ಡಿಕ್ಕಿಗೆ ಒರಗಿ ನಿಂತೆ. ಬ್ರೇಕು ಸರಿ ಇದೆ ಎಂಬ ಒಂದೇ ಮಾತು ಎರಡು ತಿಂಗಳ ಭಾರವನ್ನೆಲ್ಲ ಇಳಿಸಿತು. ಸಿಟ್ಟು ಮಾಡಬೇಕು ಎಂದುಕೊಂಡರೂ ಸಿಟ್ಟು ಬರಲಿಲ್ಲ. ಹೋಗಿ ಅವ್ವನನ್ನು ಕೇಳಿದೆ.

"ಅವ್ವಾ, ಇದನ್ನ ಯಾಕ ಎತ್ತತಿದ್ದಿ?"

ಅವಳಿಗೆ ನನ್ನ ಪ್ರಶ್ನೆಯೇ ಆಶ್ಚರ್ಯ. "ಯಾಕಂದ್ರ? ಹಳೇ ಬಸ್ಸಿನಾಗ ಕಂಡಕ್ಟರ್ ಹಗ್ಗ ಜಗ್ಗಿ ಗಂಟಿ ಬಾರಸ್ತಿದ್ದನಲ್ಲ, ಹಂಗ. ಡ್ರೈವರನ ಬಾಜೂಕ ಕುಂತವರಿಗೆ ಇರ್ಲಿ ಅಂತ ನಡುವ ಇಟ್ಟಾರ. ಮೊದಲ್ನೇ ಸಲ ಗಾಡಿ ಜೋಲಿ ಹೊಡೀತು, ಬೀಳ್ತೇನಿ ಅಂತ ಹಿಡಕೊಂಡೆ. ದೀಪ ಹತ್ತಿತು, ನೀ ಸಾವಕಾಶ ಆದಿ."

"ಬಾಯಿಲೆ ಹೇಳಬಾರದಾ?"

"ಹತ್ತ ಸಲ ಹೇಳೀನಿ ತಮ್ಮಾ, ಕೇಳಿದ್ಯಾ? ದೀಪದ ಮಾತು ಕೇಳಿದಿ."

"ಮತ್ತ ನಾ ಇಷ್ಟು ದಿನ ಗ್ಯಾರೇಜ್ ಗ್ಯಾರೇಜ್ ತಿರುಗಿದ್ನಲ್ಲ, ಯಾತಕ್ಕಂತ ತಿಳದಿದ್ದಿ?"

"ದೀಪ ಸಣ್ಣದೈತಿ, ದೊಡ್ಡದು ಹಾಕಸಾಕ ಹೊಂಟಾನ ಅಂತ ತಿಳದಿದ್ದೆ."

ಮಿಸ್ತ್ರಿ ಆಗಲೂ ನಗಲಿಲ್ಲ. "ಯವ್ವಾ, ಅದು ಬ್ರೇಕ್ ಐತ್ರಿ. ಜೋರ ಎತ್ತಿದ್ರ ಗಾಡಿ ಅಡ್ಡ ತಿರುಗತೈತಿ, ಹಿಂದ ಮೊಮ್ಮಗಳಿರ್ತಾಳ," ಎಂದ. ಅವ್ವ ಕೆಂಡ ಮುಟ್ಟಿದವಳ ಹಾಗೆ ಕೈ ಹಿಂದೆ ತೆಗೆದಳು. ಆಮೇಲೆ ಸಣ್ಣ ದನಿಯಲ್ಲಿ, "ಹಂಗಾರ ಇವ ಜೋರ ಓಡಿಸಿದ್ರ ನಾ ಏನ್ ಮಾಡ್ಲಿ?" ಎಂದು ಅವನನ್ನೇ ಕೇಳಿದಳು.

ಮಿಸ್ತ್ರಿ ಒಳಗೆ ಹೋಗಿ ಹಳೇ ಸಾಮಾನಿನ ಡಬ್ಬಿಯಲ್ಲಿ ಕೈಯಾಡಿಸಿ ಒಂದು ಸೈಕಲ್ ಗಂಟೆ ತಂದ. ಟಿಕಳಿ ಅಂಟಿಸಿದ್ದ ಡಬ್ಬಿಯ ಮೇಲೆ, ಅವ್ವನ ಎದುರಿಗೇ, ಎರಡು ಸ್ಕ್ರೂ ಬಿಗಿದು ಕೂಡಿಸಿದ.

ಬೀಗರ ಮನೆಗೆ ಬಂದಾಗ ಅವರು ಬಾಗಿಲಲ್ಲೇ ಕಾಯುತ್ತಿದ್ದರು. ಮಿಸ್ತ್ರಿಗೆ ಫೋನು ಹಚ್ಚಿ, ದೀಪಕ್ಕೆ ಏನಾಗಿತ್ತು ಎಂದು ಕೇಳಿದರು. "ಏನಿಲ್ರಿ ಸಾಹುಕಾರ್ರ, ಒಂದು ಕೈ ತಗಲ್ತಿತ್ತು. ತಗದೇನಿ. ಬ್ರೇಕ್ ಗಟ್ಟಿ ಅದಾವು, ಬಿಂದಾಸ್ ಕಳಸ್ರಿ," ಎಂದ ಅವನ ಮಾತು ನಮಗೆಲ್ಲ ಕೇಳಿಸಿತು. ಬೀಗರ ಮುಖ ಅರಳಿತು, ನನ್ನದು ಅದಕ್ಕಿಂತ ಹೆಚ್ಚು.

ಮಗಳನ್ನು ಹಿಂದಿನ ಸೀಟಿನಲ್ಲಿ ತಾಯಿಯ ಪಕ್ಕಕ್ಕೆ ಕೂಡಿಸಿ, ಬೆನ್ನಿಗೆ ದಿಂಬು ಕೊಟ್ಟರು. ನಾನು ಗಾಡಿ ಚಾಲೂ ಮಾಡಿದೆ, ಹ್ಯಾಂಡ್‌ಬ್ರೇಕ್ ಇಳಿಸಿದೆ, ಕೆಂಪು ದೀಪ ಆರಿತು. ಹೊರಡಬೇಕು ಎನ್ನುವಾಗ ಅವ್ವ, "ತಡಿ," ಎಂದಳು. ಹೊರಳಿ ಮೊಮ್ಮಗಳ ದಿಂಬು ನೋಡಿದಳು. ಸೊಸೆಯ ಕಡೆಯ ಬಾಗಿಲು ಹಾಕಿದೆಯೋ ಇಲ್ಲವೋ ನೋಡಿದಳು. ರಸ್ತೆಯ ಈ ತುದಿ, ಆ ತುದಿ ನೋಡಿದಳು. ನೆಟ್ಟಗೆ ಕೂತು, ಸೆರಗು ಸರಿಮಾಡಿಕೊಂಡು, ಹಳೇ ಬಸ್ಸಿನ ಕಂಡಕ್ಟರನ ಲೆಕ್ಕದ ಪ್ರಕಾರ ಗಂಟೆಯನ್ನು ಎರಡು ಸಲ ಬಾರಿಸಿದಳು.

ನಾನು ಗಾಡಿ ಬಿಟ್ಟೆ.