ರಾಕ್ಷಸನಿಗೆ ಎಷ್ಟು ಬಡಿಸಬೇಕು

ರಾಕ್ಷಸನನ್ನು ಸಾಕುವುದು ಎಮ್ಮೆಯನ್ನು ಸಾಕಿದಷ್ಟು ಸುಲಭವಲ್ಲ ಮಕ್ಕಳೇ. ಮೇವು ಕಡಿಮೆಯಾದರೆ ಎಮ್ಮೆ ಕೂಗಿ ಹೇಳುತ್ತದೆ. ರಾಕ್ಷಸ ಹೇಳುವುದಿಲ್ಲ, ಸುಮ್ಮನೆ ಸತ್ತುಬಿಡುತ್ತಾನೆ. ಹೆಚ್ಚಾಯಿತೋ, ಮನೆಯ ಮಕ್ಕಳನ್ನೆಲ್ಲ ಹೊಡೆದು ಮಲಗಿಸುತ್ತಾನೆ. ಈ ಎರಡೂ ಅನಾಹುತಗಳನ್ನು ನಾನು ಒಂದೇ ಮಧ್ಯಾಹ್ನ ಕಂಡಿದ್ದೇನೆ.

ಆಗ ನೀವು ಯಾರೂ ಹುಟ್ಟಿರಲಿಲ್ಲ. ನಿಮ್ಮ ಸುಧಕ್ಕ, ಮಹೇಶಣ್ಣ, ಗೌರಕ್ಕ ಇನ್ನೂ ಚಿಕ್ಕವರು. ತೆಲಂಗಾಣ ಹೋರಾಟದ ದಿನಗಳು. ಜಹೀರಾಬಾದಿನಲ್ಲಿ ಶಾಲೆಗೆ ಬೀಗ ಬಿದ್ದು ಎಷ್ಟೋ ದಿನವಾಗಿತ್ತು. ಅವರ ತಾಯಿ, ಅಂದರೆ ನನ್ನ ಮಗಳು ಸಾವಿತ್ರಿ, ನರ್ಸು. ಊರಿಗೆ ಬಂದ್ ಇದ್ದರೂ ಜ್ವರಕ್ಕೆ ಬಂದ್ ಇಲ್ಲವಲ್ಲ! ಬೆಳಿಗ್ಗೆ ಮೂವರನ್ನೂ ನನ್ನ ಮನೆಯಲ್ಲಿ ಬಿಟ್ಟು ದವಾಖಾನೆಗೆ ಹೋಗುತ್ತಿದ್ದಳು. ನನ್ನ ಮನೆ ದೊಡ್ಡ ರಸ್ತೆಯ ಮೇಲೆಯೇ ಇತ್ತು. “ಅವ್ವಾ, ಯಾರೂ ರೋಡಿಗಿ ಹೋಗಬಾರ್ದು ನೋಡು. ಟೈರ್ ಸುಡ್ಲಾಕತ್ತಾರ, ಪೊಲೀಸರು ಬಡಿಗಿ ಹಿಡಕೊಂಡು ನಿಂತಾರ” ಎಂದು ದಿನವೂ ಹೇಳುವಳು. ಹೆಣ್ಣುಮಕ್ಕಳ ಚಿಂತೆ ನನಗಿರಲಿಲ್ಲ. ಮಹೇಶನದೇ ಭಯ. ಹೊರಗೆ ಘೋಷಣೆ ಕೇಳಿದರೆ ಸಾಕು, ಅವನ ಒಂದು ಕಾಲು ಹೊಸ್ತಿಲ ಆಚೆಗೆ ಇರುತ್ತಿತ್ತು. ಬೆಳೆಯುವ ಹುಡುಗನನ್ನು ಮನೆಯೊಳಗೆ ಕಟ್ಟಿಹಾಕಲು ನಿಮ್ಮ ತಾತ ಇದ್ದಿದ್ದರೆ ಒಂದು ಗದರಿಕೆ ಸಾಕಾಗುತ್ತಿತ್ತು. ನನ್ನ ಗದರಿಕೆಗೆ ಬೆಕ್ಕೂ ಏಳುವುದಿಲ್ಲ.

ಆಗ ಸುಧಾ ಒಂದು ಆಟ ತೆಗೆದಳು. ಹೈದರಾಬಾದಿನಿಂದ ಬಂದಿದ್ದ ಗೆಳತಿಯೊಬ್ಬಳು ಕಲಿಸಿದ್ದಂತೆ. ಆಡುವವರೆಲ್ಲ ವೀರರು, ಒಬ್ಬರು ಮಾತ್ರ ಕತೆ ಹೇಳುವವರು. ದಾರಿಯಲ್ಲಿ ಏನು ಎದುರಾಯಿತು ಎಂದು ಅವರು ಹೇಳಬೇಕು, ನಾವು ಏನು ಮಾಡಿದೆವು ಎಂದು ವೀರರು ಹೇಳಬೇಕು, ಗೆದ್ದರೋ ಸೋತರೋ ಎಂದು ದಾಳ ಹೇಳಬೇಕು.

“ಕತಿ ಹೇಳವ್ರು ಆಯಿ!” ಎಂದು ಮೂವರೂ ನನ್ನತ್ತ ಬೆರಳು ತೋರಿಸಿದರು. 

“ನಂಗೇನ್ ಬರ್ತದವ್ವಾ ಅದೆಲ್ಲಾ?”

“ನಿನಗ ಏನೂ ಬರೂದು ಬ್ಯಾಡ ಆಯಿ,” ಎಂದಳು ಸುಧಾ. “ನಾವು ಮೂರು ಮಂದಿ ವೀರರು. ಬಾಕಿ ಲೋಕ ಪೂರಾ ನೀನೇ.”

ಜೀವಮಾನದಲ್ಲಿ ನನಗೆ ಸಿಕ್ಕ ದೊಡ್ಡ ಹುದ್ದೆ ಅದು. ದಾಳಕ್ಕೆ ಕವಡೆ ತಂದೆ. ಜೀವಕ್ಕೆ ಹುಣಸೆಬೀಜ: ಏಟು ಬಿದ್ದರೆ ಬೀಜ ಕಳೆಯುವುದು, ಬೀಜ ಮುಗಿದರೆ ವೀರ ಮಲಗುವುದು, ಬೀಜ ಹೆಚ್ಚಿದ್ದವರ ಏಟೂ ಜೋರು. ಮೊಗುಡಂಪಲ್ಲಿಯ ಆಚೆ ಗಡಿಯಲ್ಲಿ ಕೂತು, ಬೀದರಿಗೆ ಹೋಗುವವರ ಬುತ್ತಿ ಕಸಿದುಕೊಳ್ಳುವ ಒಬ್ಬ ರಾಕ್ಷಸನನ್ನೂ ಹುಟ್ಟಿಸಿದೆ. ಇನ್ನು ಬೀಜ ಹಂಚಬೇಕು. ಪಂಕ್ತಿಯಲ್ಲಿ ಭೇದ ಮಾಡಿದರೆ ಪಾಪ ಎಂದು ನಮ್ಮತ್ತೆ ಕಲಿಸಿದ್ದರು. ಹಾಗಾಗಿ ಎಲ್ಲರಿಗೂ ಒಂದೊಂದು ಹಿಡಿ ಬಡಿಸಿದೆ. ರಾಕ್ಷಸನೂ ಪಂಕ್ತಿಯಲ್ಲಿ ಕೂತವನೇ ಅಲ್ಲವೇ? ಅವನಿಗೂ ಒಂದೇ ಹಿಡಿ.

ಅವನು “ಯಾರ್ರಿ ನೀವು, ಎಲ್ಲಿಂದ ಬಂದ್ರಿ?” ಎಂದು ಕೇಳುವಷ್ಟರಲ್ಲಿ ಮೂವರೂ ಮೇಲೆ ಬಿದ್ದು ಮುಗಿಸಿಬಿಟ್ಟರು.

“ಇಷ್ಟೇನಾ?” ಎಂದ ಮಹೇಶ. “ಇವನಕಿಂತ ನಮ್ಮ ಓಣಿ ಹುಂಜ ಛಲೋ ಬಡದಾಡ್ತದ.” ಚಪ್ಪಲಿ ಹುಡುಕತೊಡಗಿದ.

“ನಿಲ್ಲೋ, ಅವನ ಅಣ್ಣ ಬಂದ!” ಎಂದೆ. ಅವಸರದಲ್ಲಿ ಡಬ್ಬಿಯಲ್ಲಿದ್ದ ಬೀಜವನ್ನೆಲ್ಲ ಅಣ್ಣನ ಮುಂದೆ ಸುರಿದೆ. ಅಣ್ಣ ಮೊದಲ ಏಟಿಗೇ ಗೌರಿಯನ್ನು ಮಲಗಿಸಿದ. ಆಮೇಲೆ ಸುಧಾಳನ್ನು. ಆಮೇಲೆ ಮಹೇಶನನ್ನು. ಗೌರಿ ಮೂಗು ಸೇದುತ್ತ ಅಳತೊಡಗಿದಳು. “ಇದು ಮೋಸ ಆಯಿ” ಎಂದು ಸುಧಾ ಮುಖ ತಿರುಗಿಸಿದಳು. “ಸತ್ತವರಿಗಿ ಆಟ ಇಲ್ಲ, ನಾ ಹೊಂಟೆ” ಎಂದು ಮಹೇಶ ಮತ್ತೆ ಚಪ್ಪಲಿಗೆ ಕೈ ಹಾಕಿದ.

ಹುಡುಗರನ್ನು ಹಿಡಿದಿಡಲು ನನಗೆ ತಿಳಿದ ವಿದ್ಯೆ ಒಂದೇ. ಶೇಂಗಾ ಉಂಡೆ ತಂದೆ. ಮಹೇಶನ ತಟ್ಟೆಗೆ ಕೇಳದೆಯೇ ಮೂರು ಹಾಕಿದೆ, ಪುಟ್ಟ ಹೊಟ್ಟೆಯ ಗೌರಿಯ ತಟ್ಟೆಗೆ ಅರ್ಧ ಮುರಿದು ಇಟ್ಟೆ. ಯಾರೂ ಮೋಸ ಅನ್ನಲಿಲ್ಲ. ನನ್ನ ಕೈ ಅಷ್ಟು ವರ್ಷಗಳಿಂದ ಹೀಗೆಯೇ ಬಡಿಸಿದೆ, ಪಂಕ್ತಿಯ ಮಾತು ಬಾಯಲ್ಲಿ ಮಾತ್ರ ಇದೆ. ಅತ್ತೆಯವರೂ ಮಾವನ ತಟ್ಟೆಗೆ ತುಪ್ಪ ಹೆಚ್ಚು ಹಾಕುವಾಗ ಸೆರಗು ಅಡ್ಡ ಹಿಡಿಯುತ್ತಿದ್ದರೆಂಬುದು ಆಗ ನೆನಪಾಯಿತು.

ಮತ್ತೆ ಹಂಚಿದೆ. ಮಹೇಶನಿಗೆ ತೋಳಿನ ಬಲ. ಸುಧಾಳಿಗೆ ರಾಕ್ಷಸನ ಭಾಷೆ ಬರುತ್ತದೆ. ಗೌರಿಗೆ ಬೀಜ ಸ್ವಲ್ಪವೇ, ಆದರೆ ಅವಳು ಮುಟ್ಟಿದ ಅಡುಗೆಯ ಘಮ ಹರದಾರಿ ದೂರ ಹೋಗುತ್ತದೆ. ಅಣ್ಣ ರಾಕ್ಷಸನ ಬೀಜ ಹಾಗೇ ಇರಲಿ, ಹೊಟ್ಟೆಬಾಕತನವೂ ಇರಲಿ. ಬುತ್ತಿಯಲ್ಲಿ ಏನು ಕಟ್ಟಿದರೆ ಅವನು ಮೈಮರೆತಾನು? ಅದನ್ನು ನೀವೇ ಯೋಚಿಸಿ ಎಂದೆ.

ಅಷ್ಟೇ ನೋಡಿ. ಮೂರು ತಲೆಗಳು ಒಂದಾದವು. “ಹೋಳಿಗಿ ಕಟ್ಟಮು.” “ಅವ ನುಂಗಿಬಿಡ್ತಾನ, ಜಿಗಿ ಇರೂದು ಬೇಕು.” “ಅಂಟಿನುಂಡಿ! ಹಲ್ಲಿಗಿ ಹತ್ತಿದ್ರ ಬಾಯಿ ತೆರಿಲಾಕ ಬರಂಗಿಲ್ಲ.” ಹೊರಗೆ ದೊಡ್ಡ ಮೆರವಣಿಗೆ ಡಪ್ಪು ಬಾರಿಸುತ್ತ ಹೋಯಿತು. ಮಹೇಶ ತಲೆ ಎತ್ತಲಿಲ್ಲ. ನನಗೋ, ಲೋಕವೆಲ್ಲ ನಾನೇ ಆದರೂ ಮಾಡಲು ಕೆಲಸವೇ ಇರಲಿಲ್ಲ.

ಅಷ್ಟರಲ್ಲಿ ಪಕ್ಕದ ಮನೆಯ ಶಾಂತಮ್ಮ ಬಾಗಿಲಿಗೆ ಬಂದಳು. ಅಂದು ರಸ್ತೆಯ ಮೇಲೆ ವಂಟಾವಾರ್ಪು. ನಡುರಸ್ತೆಯಲ್ಲೇ ಒಲೆ ಹೂಡಿ, ಅಡುಗೆ ಮಾಡಿ, ಅಲ್ಲೇ ಸಾಲಾಗಿ ಕೂತು ಉಣ್ಣುವುದು ಆಗಿನ ಹೋರಾಟದ ಒಂದು ರೀತಿ.

“ವೈನಿ, ಒಂದು ಗಳಿಗಿ ಬರ್ರಿ. ಬಡಸವ್ರು ಸಾಲವಲ್ರು.”

“ಮಕ್ಕಳನ್ನ ಬಿಟ್ಟು ಹ್ಯಾಂಗ ಬರ್ಲಿ?”

“ಹೋಗ್ ಆಯಿ,” ಎಂದ ಮಹೇಶ, “ನಮ್ದು ಇನ್ನಾ ಮಸಲತ್ತು ಮುಗಿದಿಲ್ಲ.”

ಹೋದೆ. ಕಿಟಕಿಯ ಎದುರೇ ತಾನೇ? ಸೌಟು ಕೈಗೆ ಬಂದದ್ದೇ ತಡ, ಟೈರು, ಪೊಲೀಸು ಎಲ್ಲ ಮರೆತು ಒಬ್ಬೊಬ್ಬರ ಮುಖ ನೋಡಿ ಸಾರು ಹಾಕುತ್ತ ಸಾಲಿನ ನಡುವೆ ಬಂದಿದ್ದೆ. ಆಗ ನಮ್ಮ ಮನೆಯ ಫೋನು ರಿಂಗಾಯಿತು. ಕಿಟಕಿಯಿಂದ ಮಹೇಶನ ದನಿ ರಸ್ತೆಗೆಲ್ಲ ಕೇಳಿಸಿತು: “ಹಾಂ ಅವ್ವಾ, ನಾವು ಮೂರೂ ಮಂದಿ ಮನ್ಯಾಗೇ ಅದೀವಿ. ರೋಡಿಗಿ ಹೋಗಿದ್ದು ಆಯಿ! ನಾ ಹೋಗಿ ಕರ್ಕೊಂಡು ಬರ್ಲೇನು?”

ಊಟಕ್ಕೆ ಕೂತವರು, ಬಡಿಗೆ ಹಿಡಿದ ಪೊಲೀಸರು, ಎಲ್ಲರೂ ನನ್ನತ್ತ ತಿರುಗಿದರು. ಸೌಟು ಮೇಲೆತ್ತಿ ಗಂಟಲು ಹರಿಯುವಂತೆ ಕೂಗಿದೆ: “ನೀ ಹೊರಗ ಬರಬ್ಯಾಡಾ! ನಾನೇ ಬಂದೆ!”

ಇಡೀ ಹೋರಾಟದಲ್ಲಿ ನಾನು ಕೂಗಿದ ಘೋಷಣೆ ಅದೊಂದೇ.