ಬಂಗುಡೆ ಅಳೆಯುವ ದೊಡ್ಡಮ್ಮ

ನಮ್ಮ ದೊಡ್ಡಮ್ಮನ ಬಾಯಿಗೆ ಹೆದರಿಯೇ ಸಮುದ್ರದ ಬಂಗುಡೆ ಮೀನುಗಳು ವರ್ಷದಿಂದ ವರ್ಷಕ್ಕೆ ಕುಗ್ಗುತ್ತಿವೆ ಎಂದು ನಾನು ಬಹಳ ಕಾಲ ನಂಬಿದ್ದೆ. ನಗಬೇಡಿ! ಆ ಬಾಯಿಯ ಮುಂದೆ ಒಮ್ಮೆ ನಿಂತಿದ್ದರೆ ನೀವೂ ಎರಡಿಂಚು ಕುಗ್ಗುತ್ತಿದ್ದಿರಿ.

ತೊಂಬತ್ತರ ದಶಕದ ಕೊನೆ. ಮೂಡಿಗೆರೆ ಹತ್ತಿರದ ಅವರ ಎಸ್ಟೇಟಿನಲ್ಲಿ ನಾನು ರೈಟರು. ಅಂದರೆ ಹಾಜರಿ ಬರೆಯುವುದು, ಗೊಬ್ಬರಕ್ಕೆ ಆರ್ಡರ್ ಹಾಕುವುದು, ಮಿಕ್ಕ ಹೊತ್ತು ಬೈಸಿಕೊಳ್ಳುವುದು. ವಾರಕ್ಕೆರಡು ಸಲ ಚಾರ್ಮಾಡಿ ಘಾಟಿ ಹತ್ತಿ ಮೀನಿನವನ ಬೈಕು ಬರುತ್ತಿತ್ತು. ಹಾರ್ನ್ ಕೇಳಿದ್ದೇ ತಡ, ದೊಡ್ಡಮ್ಮ ಗೇಟಿಗೆ ಓಡುತ್ತಿದ್ದರು. ಕೈಯಲ್ಲಿ ಪಾತ್ರೆಯಲ್ಲ, ನನ್ನ ಹಾಜರಿ ಪುಸ್ತಕದ ಸ್ಕೇಲು!

“ಎಂತ ಮಾರಾಯ ಇದು? ಬಂಗುಡೆಯಾ, ಬಂಗುಡೆ ಮೊಮ್ಮಗನಾ? ಮೊದ್ಲು ಒಂಬತ್ತಿಂಚು ಇರ್ತಿತ್ತು. ಈಗ ಆರೂ ಇಲ್ಲ!”

“ನಾನೆಂತ ಮಾಡುದು ಅಮ್ಮ? ಎಳೆದು ಉದ್ದ ಮಾಡ್ಲಿಕ್ಕೆ ಆಗ್ತದಾ?”

ಈ ಅಳತೆಗೊಂದು ಕಾರಣವಿತ್ತು. ದೊಡ್ಡಪ್ಪ ಬಂಗುಡೆಪ್ರಿಯರು. ತಟ್ಟೆಯ ಎರಡೂ ಅಂಚು ಮುಟ್ಟದ ಬಂಗುಡೆಯನ್ನು ‘ಇದು ಮಕ್ಕಳಿಗೆ’ ಎಂದು ಪಕ್ಕಕ್ಕೆ ತಳ್ಳುತ್ತಿದ್ದರು. ಅವರು ತೀರಿಕೊಂಡ ಮೇಲೆ ಪ್ರತಿ ಹಿರಿಯರ ಹಬ್ಬಕ್ಕೂ ಎಡೆಯಲ್ಲಿ ಒಂದು ಇಡೀ ಬಂಗುಡೆ ಹುರಿದಿಡಬೇಕು. “ಸಣ್ಣದಿಟ್ಟು ಅವ್ರ ಮುಂದೆ ಮರ್ಯಾದೆ ಕಳ್ಕೊಳ್ಳೋದಾ?” ಎಂದು ದೊಡ್ಡಮ್ಮ ನನ್ನನ್ನು ಕೇಳುತ್ತಿದ್ದರು. ಸತ್ತವರ ಮುಂದೆ ಹೋಗುವ ಮರ್ಯಾದೆ ಎಷ್ಟು ಇಂಚು ಎಂದು ನಾನು ಹೇಗೆ ಹೇಳಲಿ?

ಒಂದು ದಿನ ಬೈಸಿಕೊಂಡು ಸಾಕಾದ ಮೀನಿನವನು ಪಾಪ, ಬಾಯಿಗೆ ಬಂದದ್ದು ಹೇಳಿಬಿಟ್ಟ. “ಹದ್ದು, ನೀರುಕಾಗೆ ಬಿಡುದಿಲ್ಲ ಅಮ್ಮ. ಒಳ್ಳೆ ಮೀನೆಲ್ಲ ಅವೇ ತಿಂದು ಮುಗಿಸ್ತಾವೆ.”

ಮುಗಿಯಿತು! ಸಮುದ್ರದ ನೀರುಕಾಗೆಗಳು ಕೈಗೆ ಸಿಗವು, ಆದರೆ ತೋಟದ ಕೆರೆಯಲ್ಲಿ ಎರಡಿದ್ದವಲ್ಲ! “ಅವೂ ಇವೂ ಒಂದೇ ಕುಲ” ಎಂದು ದೊಡ್ಡಮ್ಮ ಯುದ್ಧ ಸಾರಿದರು. ಕೆರೆಯ ಮೇಲೆ ಹಗ್ಗ ಎಳೆದು ಡಾಲ್ಡಾ ಡಬ್ಬಿ ಕಟ್ಟಿಸಿದರು. ಅದನ್ನು ಬಡಿಯಲು ಆಳುಗಳ ಮೇಸ್ತ್ರಿಯನ್ನೇ ಕೂರಿಸಿದರು. ನಾಲ್ಕು ದಿನ ತೋಟದಲ್ಲಿ ಕೆಲಸ ನಡೆಯಲಿಲ್ಲ. ಐದನೆಯ ದಿನ ನೀರುಕಾಗೆಗಳು ಅದೇ ಡಬ್ಬಿಗಳ ಮೇಲೆ ಕೂತು ರೆಕ್ಕೆ ಒಣಗಿಸಿಕೊಂಡವು!

ಅತ್ತ ಗೋಡೌನಿನಲ್ಲಿ ಮೆಣಸಿನ ಬಳ್ಳಿಗೆಂದು ತರಿಸಿದ ಮೀನಿನ ಗೊಬ್ಬರದ ಮೂಟೆಗಳು ನಾರುತ್ತಿದ್ದವು. ಪ್ರತಿ ವರ್ಷ ತರಿಸುತ್ತಿದ್ದೆವು. ಒಳಗಿರುವುದು ಮಾರಲಾಗದ ತಲೆ, ಬಾಲ, ಕೊಳೆತದ್ದು ಎಂದೇ ನಮ್ಮ ತಿಳುವಳಿಕೆ. ಮೂಗು ಮುಚ್ಚಿಕೊಂಡು ಹಾಕುವ ಪುಡಿಯನ್ನು ಕಣ್ಣು ಬಿಟ್ಟು ನೋಡುವವರು ಯಾರು?

ಆ ವರ್ಷ ಹಿರಿಯರ ಹಬ್ಬ ಹತ್ತಿರ ಬಂದಾಗ ಮೀನಿನವನು ಕೈಮುಗಿದ. “ಬಂದರಿಗೆ ನೀವೇ ಬನ್ನಿ ಅಮ್ಮ. ನೀವೇ ಆರಿಸಿ.” ಹೋದೆವು. ದೊಡ್ಡಮ್ಮ ಹದ್ದುಗಳಿಗೆ ಕೊಡೆ ಬೀಸುತ್ತಲೇ ಬಂದರಿನೊಳಗೆ ಹೊಕ್ಕರು. ಅಲ್ಲಿ ನಮ್ಮ ಕಣದ ಕಾಫಿಯಷ್ಟು ಎತ್ತರಕ್ಕೆ ಮೀನು ರಾಶಿ ಬಿದ್ದಿತ್ತು. ಒಂದೂ ಬೆರಳುದ್ದ ದಾಟಿರಲಿಲ್ಲ. ಇಬ್ಬರು ಸಲಿಕೆಯಲ್ಲಿ ಮೊಗೆದು ಲಾರಿಗೆ ಎಸೆಯುತ್ತಿದ್ದರು.

“ಇಷ್ಟು ಸಣ್ಣದನ್ನ ಯಾರು ತಿಂತಾರೆ ಮಾರಾಯಾ?”

ಸಲಿಕೆಯವನು ತಲೆ ಎತ್ತಲೂ ಇಲ್ಲ. “ತಿನ್ಲಿಕ್ಕಲ್ಲ. ಬಂಗುಡೆ ಮರಿ, ಬೂತಾಯಿ ಮರಿ ಎಲ್ಲ ಉಂಟು. ಒಣಗಿಸಿ ಗೊಬ್ಬರ ಮಾಡುದು. ಘಟ್ಟದ ಮೇಲಿನ ತೋಟದವ್ರಿಗೆ.”

ಒಂದು ಹದ್ದು ಎರಗಿ ರಾಶಿಯಿಂದ ಒಂದೇ ಒಂದು ಮರಿ ಕಚ್ಚಿಕೊಂಡು ಹೋಯಿತು. ದೊಡ್ಡಮ್ಮನ ಕೊಡೆ ಏಳಲಿಲ್ಲ. ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಮರಿಯನ್ನೂ ಸೋಸಿ ತರುವ ಬಲೆಯವರ ಮೇಲೆ, ಅದನ್ನು ಕೊಳ್ಳುವ ನಮ್ಮ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ನನ್ನ ಮೇಲೆ. ಆರ್ಡರ್ ಬರೆದ ಕೈ ಇದೇ ತಾನೇ? ವರ್ಷಗಟ್ಟಲೆ ಮರಿಗಳನ್ನು ಬಳ್ಳಿಯ ಬುಡಕ್ಕೆ ಸುರಿದು, ಒಂದು ಹಕ್ಕಿಯನ್ನು ಕಳ್ಳ ಎಂದು ಬೈದೆವಲ್ಲ, ನಮಗೆ ನಾಚಿಕೆಯಾದರೂ ಬೇಡವೇ?

ವಾಪಸು ಬರುವಾಗ ಘಾಟಿಯ ಅಷ್ಟೂ ತಿರುವುಗಳಲ್ಲಿ ದೊಡ್ಡಮ್ಮ ಯಾರನ್ನೂ ಬೈಯಲಿಲ್ಲ. ನನಗೆ ನಿಜಕ್ಕೂ ಭಯವಾಯಿತು. ಮನೆಗೆ ಬಂದವರೇ ಮೇಸ್ತ್ರಿಯನ್ನು ಕರೆದು ಕೆರೆಯ ಡಬ್ಬಿ ಬಿಚ್ಚಿಸಿದರು. ನನಗೆ ಹೇಳಿದ್ದು ಒಂದೇ ಮಾತು. “ಆ ಗೊಬ್ಬರ ಇನ್ನು ತರಿಸ್ಬೇಡ.”

ಹಬ್ಬದ ದಿನ ಎಡೆಯಲ್ಲಿ ಆರಿಂಚಿನ ಬಂಗುಡೆಯೇ ಬಿತ್ತು. ಬಂದರಿನಲ್ಲಿ ಸಿಕ್ಕಿದ್ದರಲ್ಲಿ ಅದೇ ದೊಡ್ಡದು. ಸ್ಕೇಲು ನನ್ನ ಮೇಜಿನ ಮೇಲೇ ಉಳಿದಿತ್ತು. ದೊಡ್ಡಮ್ಮ ದೊಡ್ಡಪ್ಪನ ಫೋಟೋದ ಮುಂದೆ ಕೂತರು. ಆ ಬಾಯಿಯಿಂದ ಅಷ್ಟು ಮೆಲ್ಲಗೆ ಮಾತು ಬಂದದ್ದನ್ನು ನಾನು ಅದೇ ಮೊದಲು ಕೇಳಿದ್ದು.

“ಸಣ್ಣದು ಅಂತ ಪಕ್ಕಕ್ಕೆ ತಳ್ಬೇಡಿ, ಆಯ್ತಾ? ದೊಡ್ಡದಾಗೋಕೆ ನಾನೇ ಬಿಡ್ಲಿಲ್ಲ.”

ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, ಬಾಲವಾದರೂ ಎಲೆಯ ಅಂಚು ಮುಟ್ಟಲಿ ಎಂದು ಆ ಬಂಗುಡೆಯನ್ನು ಒಂದಿಷ್ಟು ಆಚೆ ಸರಿಸಿದರು.