ಒಂದು ವಿಮಾನ, ಮೂರು ಮಾಲೀಕರು, ಸಾವಿರದ ಇನ್ನೂರು ತಲೆಬಟ್ಟೆ

ವ್ಯವಹಾರ ಇಷ್ಟು: ಒಂದು ದೊಡ್ಡ ವಿಮಾನದ ನಾನೂರು ಸೀಟುಗಳಿಗೆ, ಒಗೆದು ಬದಲಿಸಲು ಮೂರು ಜೊತೆಯಂತೆ, ಸಾವಿರದ ಇನ್ನೂರು ನೀಲಿ ತಲೆಬಟ್ಟೆ, ಅಂದರೆ ಸೀಟಿನ ನೆತ್ತಿಗೆ ಹೊದಿಸುವ ತುಂಡು. ಮುಂಗಡ ಬಿಡಿಗಾಸಿಲ್ಲ. ನನ್ನಂಥ ರಬಕವಿಯ ಸೀರೆ ವ್ಯಾಪಾರಿ ಸೀರೆ ಬಿಟ್ಟು ಬೇರೇನು ಮಾರಲು ಹೋದರೂ ಇಂಥವು ತಪ್ಪುವುದಿಲ್ಲ.

೧. ಗ್ಯಾರಂಟಿ

ವಿಮಾನ ಕಂಪನಿಯ ಮ್ಯಾನೇಜರ್ ನೇಯ್ಗೆ ನೋಡಲು ಬನಹಟ್ಟಿಗೆ ಬಂದರು. ಮಗ್ಗದ ಸದ್ದಿನ ಮೇಲೆ ಕೂಗಿ ಹೇಳಿದರು: "ನಮ್ಮದು ಅಗಲ ವಿಮಾನ. ಸಾಲಿಗೆ ಹತ್ತು ಸೀಟು, ನಡುವೆ ಎರಡು ಓಣಿ!"

ಮಗ್ಗದ ಮಾಲೀಕನ ಅವ್ವ ಕೇಳಿದಳು: "ನಟ್ಟನಡುವ ಕುಂತಾಂವ ಸಂಡಾಸಕ್ಕ ಹೆಂಗ ಹೋಗ್ತಾನ್ರೀ?"

"ಪಕ್ಕದವರನ್ನ ಎಬ್ಬಿಸಿ."

"ಹಂಗಾರ ನಮ್ಮ ಮನಿಯಂಗ ಐತಿ ಬಿಡ್ರಿ!"

ಬಣ್ಣ ಹೋಗುವುದಿಲ್ಲವೆಂದು ಐದು ವರ್ಷದ ಗ್ಯಾರಂಟಿ ಬರೆದುಕೊಟ್ಟೆ. ಮಾಲು ಲಾರಿಗೆ ಹೇರುವ ದಿನ ಫೋನ್ ಬಂತು. ಬಣ್ಣ ಹೋಗಲಿಲ್ಲ; ಕಂಪನಿಯೇ ಹೋಯಿತು.

೨. ಮ್ಯಾಚಿಂಗ್

ಆ ವಿಮಾನವನ್ನು ಯಾತ್ರಿಕರನ್ನು ಒಯ್ಯುವ ಇನ್ನೊಂದು ಕಂಪನಿ ಕೊಂಡಿತು. ನಾನೇ ಫೋನ್ ಹಚ್ಚಿದೆ. "ವಿಮಾನ ಅದ, ಸೀಟು ಅವ, ಬಟ್ಟಿ ತಯಾರ ಐತ್ರಿ."

"ನಮ್ಮದು ಕೆಂಪು ಬಣ್ಣ. ವಿಮಾನಕ್ಕೆಲ್ಲ ಹೊಸದಾಗಿ ಬಳಿಸ್ತಿದ್ದೇವೆ."

"ಬಳಿಸೂದ್ಯಾಕ್ರಿ? ನೀಲೀನ ಇರ್ಲಿ ಬಿಡ್ರಿ, ಖರ್ಚು ಉಳಿತೈತಿ."

ಅವರು ಫೋನ್ ಇಟ್ಟರು. ಮೂವತ್ತು ವರ್ಷ ಸೀರೆಗೆ ಹೊಂದುವ ಕುಪ್ಪಸದ ಖಣ ಮಾರಿದವನು ನಾನು. ಬಟ್ಟೆಗೆ ಹೊಂದುವ ವಿಮಾನ ಕೇಳಿದ್ದು ಅದೇ ಮೊದಲು.

೩. ಪೆಟ್ಟಿಗೆ

ಎರಡು ವರ್ಷಕ್ಕೆ ವಿಮಾನ ಸರಕು ಸಾಗಿಸುವವರ ಪಾಲಾಯಿತು. ಆಸೆ ಬಿಡದೆ ಅವರನ್ನೂ ಕೇಳಿದೆ.

"ಸೀಟೆಲ್ಲ ಕಿತ್ತು ಹಾಕಿದ್ದೇವೆ. ಈಗ ಬರೀ ಪೆಟ್ಟಿಗೆ."

"ಪೆಟ್ಟಿಗಿಗೂ ನೆತ್ತಿ ಇರತೈತಲ್ರೀ!"



೪. ಬೀಗರ ಬಸ್ಸು

ಕೊನೆಗೆ ಸಿಕ್ಕವನು ಮದುವೆಗಳಿಗೆ ಬಸ್ಸು ಬಾಡಿಗೆ ಬಿಡುವ ಸಾವಳಗಿಯ ಗಿರಾಕಿ. "ಒಂದ ಬಸ್ಸಿಗೆ ಹಾಕಿ ನೋಡೂಣ್ರಿ ಸಾವಕಾರ್ರ. ಮಂದಿಗೆ ಹಿಡಿಸಿದ್ರ ಎಲ್ಲಾ ತಗೋತೇನಿ. ಇಲ್ಲಾಂದ್ರ ಗಂಟು ವಾಪಸ್."

ಗಂಡಿನ ಕಡೆಯವರನ್ನು ಮುಧೋಳಕ್ಕೆ ಒಯ್ಯುವ ಎರಡು ಬಸ್ಸುಗಳಲ್ಲಿ ಮೊದಲನೆಯದಕ್ಕೆ ಐವತ್ತು ತಲೆಬಟ್ಟೆ ತೊಡಿಸಿ, ಉಳಿದ ಗಂಟುಗಳನ್ನು ಟಾಪಿಗೆ ಹೇರಿ, ನಾವಿಬ್ಬರೂ ಅದರ ಕ್ಯಾಬಿನ್ನಿಗೇ ಹತ್ತಿದೆವು. ಜಮಖಂಡಿ ದಾಟುವಷ್ಟರಲ್ಲಿ ಒಬ್ಬ ಅಜ್ಜಿ ತನ್ನ ಸೀಟಿನದನ್ನು ಬಿಚ್ಚಿ, ಮೇಲಿದ್ದ ವಿಮಾನ ಕಂಪನಿಯ ಹಕ್ಕಿಯ ಗುರುತು ಸವರಿ ಕೂಗಿದಳು: "ನೋಡ್ರಬೇ, ಬಸ್ಸಿನ್ಯಾಗ ಆಯೇರಿ ಇಟ್ಟಾರ! ಗರುಡನ ಚಿತ್ರದ್ದು!"

ಮದುವೆಯಲ್ಲಿ ಬಟ್ಟೆ ಕಂಡರೆ ಅದು ಆಯೇರಿಯೇ, ಉಡುಗೊರೆಯೇ. ನಮ್ಮ ಕಡೆ ಯಾರೂ ಎರಡನೇ ಸಲ ಕೇಳುವುದಿಲ್ಲ. ಮುಧೋಳದಲ್ಲಿ ಐವತ್ತು ಮಂದಿ ಇಳಿದರು. ಐವತ್ತು ತಲೆಬಟ್ಟೆಗಳೂ ಅವರ ಚೀಲಗಳಲ್ಲಿ ಇಳಿದವು.

ಬಸ್ಸಿನವನು ಬೋಳು ಸೀಟುಗಳನ್ನು ನೋಡುತ್ತ ನಿಂತ. "ಸಾವಕಾರ್ರ, ಏನ್ರಿ ಇದು?"

"ಮಂದಿಗೆ ಹಿಡಿಸೇತಲ್ರೀ!" ಅಂದೆ.

ಅಷ್ಟರಲ್ಲಿ ವರನ ತಂದೆ ಓಡಿ ಬಂದರು. "ಯಪ್ಪಾ, ಅವು ಇನ್ನೂ ಅದಾವೇನ್ರಿ? ಎರಡನೇ ಬಸ್ಸಿನವರು ತಮಗ ಆಯೇರಿ ಮುಟ್ಟಿಲ್ಲಂತ ಊಟಕ್ಕ ಕುಂಡ್ರವಲ್ರು!"

ಇದನ್ನು ಕೇಳಿದ್ದೇ ಬಸ್ಸಿನವನ ಮುಖ ಅರಳಿತು. "ಇನ್ನ ಮ್ಯಾಲ ನಮ್ಮ ಬಸ್ಸಿನ ಬಾಡಿಗಿ ಆಯೇರಿ ಸಮೇತ!"

ಒಟ್ಟು ಲೆಕ್ಕ: ಮೊದಲ ಬಸ್ಸಿನಲ್ಲಿ ಹೋದದ್ದು, ಎರಡನೆಯದಕ್ಕೆ ಬೇಕಾದದ್ದು ಸೇರಿ ವರನ ತಂದೆಗೆ ನೂರು, ಬಸ್ಸಿನವನಿಗೆ ಸಾವಿರದ ನೂರು. ಎಲ್ಲ ರೋಖು, ಕೈಯಲ್ಲೇ ನಗದು. ಅಂಗಡಿಯಲ್ಲಿ ಉಳಿದದ್ದು ಸೊನ್ನೆ. ಮೇಲೆ ನನಗೂ ಒಂದು ಹೋಳಿಗೆ ಊಟ.